ಸಿಪಿಕೆ 6,840 ಬಂದಿದೆ. ಹೃದಯವಾ, ಲಿವರ್ರಾ, ಸ್ನಾಯುವಾ? ಗೊತ್ತಿರೋರು ಹೇಳಿ

ಬೆವರಹನಿ | ಬುಧವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ವಯಸ್ಸು 34, ಗಂಡಸು. ಬಿಪಿ, ಶುಗರ್ ಇಲ್ಲ. ಎರಡು ವರ್ಷ ಕುರ್ಚಿಗೆ ಅಂಟಿಕೊಂಡಿದ್ದವನು ಶನಿವಾರ ಮತ್ತೆ ಜಿಮ್ಮಿಗೆ ಹೋದೆ. ಹಳೇ ಗೆಳೆಯನ ಮುಂದೆ ಸೋಲಬಾರದು ಅನ್ನೋ ಹಟ. ಕಂಬಿ ಹಿಡಿದು ಮೇಲೇಳೋದು, ನಿಧಾನಕ್ಕೆ ಇಳಿಯೋದು, ಲೆಕ್ಕ ತಪ್ಪುವಷ್ಟು ಸಲ. ಭಾನುವಾರ ಏನೂ ಅನ್ನಿಸಲಿಲ್ಲ. ಸೋಮವಾರ ಬೆಳಗ್ಗೆ ಹಲ್ಲುಜ್ಜೋಕೆ ಹೋದರೆ ಕೈ ಬಾಯಿ ತನಕ ಬರಲಿಲ್ಲ. ಬ್ರಷ್ ಇದ್ದ ಕಡೆಗೆ ತಲೆಯನ್ನೇ ಬಗ್ಗಿಸಿ ಉಜ್ಜಿಕೊಂಡೆ.

ಮಂಗಳವಾರ ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್ ಇತ್ತು. ಹೋಗಿ ರಕ್ತ ಕೊಟ್ಟೆ. ಇವತ್ತು ಬಂದದ್ದು ಇದು:

ಒಟ್ಟು ಸಿಪಿಕೆ 6,840 (ಮಿತಿ 308)
ಸಿಕೆ-ಎಂಬಿ 96 (ಮಿತಿ 25)
ಎಸ್‌ಜಿಓಟಿ 148, ಎಸ್‌ಜಿಪಿಟಿ 62
ಕ್ರಿಯಾಟಿನಿನ್ 0.9

ಕೊನೆಯದ್ದು ಬಿಟ್ಟು ಎಲ್ಲಾ ಕೆಂಪಕ್ಷರದಲ್ಲಿ. ಕೌಂಟರಿನಲ್ಲಿದ್ದವರು "ಎಂಬಿ ಜಾಸ್ತಿ ಇದೆ, ಹಾರ್ಟ್ ಡಾಕ್ಟ್ರನ್ನ ನೋಡಿ" ಅಂದರು. ಪಕ್ಕದ ಸೀಟಿನವನು ಹಾಳೆ ನೋಡಿ "ಇದು ಲಿವರ್ ಕಣೋ" ಅಂದ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮಿದುಳಿನ ತನಕ ಹೋಯ್ತು. ಎದೆನೋವು ಇಲ್ಲ. ಮೊಣಕೈ ಮಾತ್ರ ಪೂರ್ತಿ ನೇರ ಆಗ್ತಿಲ್ಲ. ಯಾವ ಡಾಕ್ಟ್ರ ಬಾಗಿಲು ಬಡೀಲಿ?

ರಾತ್ರಿಪಾಳಿ | ಬುಧವಾರ, ರಾತ್ರಿ 9.58

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡೋನು ನಾನು. ಬೇರೆ ಮಾತೆಲ್ಲ ಆಮೇಲೆ, ಮೊದಲು ಒಂದಕ್ಕೆ ಉತ್ತರ ಕೊಡಿ: ಮೂತ್ರದ ಬಣ್ಣ ಏನು? ಕಪ್ಪು ಟೀ ತರ, ಕೋಲಾ ತರ ಇದ್ದರೆ ಈ ಚರ್ಚೆ ಮುಚ್ಚಿ ಈಗಲೇ ಆಸ್ಪತ್ರೆಗೆ ಹೊರಡಿ. ಮೂತ್ರ ಕಮ್ಮಿ ಆಗಿದ್ದರೆ, ತೋಳು ಕಲ್ಲಿನ ಹಾಗೆ ಬಿಗಿದು ಬೆರಳು ಜೋಮು ಹಿಡಿದಿದ್ದರೆ, ಎದೆ ಹಿಂಡಿದ ಹಾಗೆ ಆದರೆ ಆಗಲೂ ಅಷ್ಟೇ.

ಯಾಕೆ ಅಂದ್ರೆ ಸ್ನಾಯು ಒಡೆದಾಗ ಸಿಪಿಕೆ ಅನ್ನೋ ಕಿಣ್ವದ ಜೊತೆ ಮಯೋಗ್ಲೋಬಿನ್ ಅನ್ನೋ ಪ್ರೋಟೀನೂ ಹೊರಗೆ ಬರುತ್ತೆ. ಮೂತ್ರಪಿಂಡಕ್ಕೆ ಪೆಟ್ಟು ಕೊಡೋದು ಅದು, ಸಿಪಿಕೆ ಅಲ್ಲ. 1941ರಲ್ಲಿ ಲಂಡನ್ನಿನ ಬಾಂಬ್ ದಾಳಿಯಲ್ಲಿ ಕಟ್ಟಡಗಳಡಿ ಸಿಕ್ಕಿಕೊಂಡವರನ್ನು ಹೊರಗೆ ಎಳೆದಾಗ, ಬದುಕಿದರು ಅಂದುಕೊಂಡವರು ಕೆಲವು ದಿನಕ್ಕೆ ಮೂತ್ರ ನಿಂತು ಸತ್ತರು. ಬೈವಾಟರ್ಸ್ ಮತ್ತು ಬೀಲ್ ಅದನ್ನು ದಾಖಲಿಸಿದರು. ನಿಮ್ಮದು ಜಿಮ್ಮಿನಲ್ಲಿ ಆದ ಅದರ ಚಿಕ್ಕ ತಮ್ಮ. ಸಾಮಾನ್ಯವಾಗಿ 5,000 ದಾಟಿದ ಮೇಲೆ ನಾವು ಕಿಡ್ನಿ ಕಡೆ ಒಂದು ಕಣ್ಣಿಟ್ಟಿರ್ತೀವಿ.

ಬೆವರಹನಿ | ಬುಧವಾರ, ರಾತ್ರಿ 10.05

ಈಗ ತಾನೇ ಹೋಗಿ ನೋಡಿ ಬಂದೆ (ಜೀವಮಾನದಲ್ಲಿ ಇಷ್ಟು ಗಮನವಿಟ್ಟು ನೋಡಿರಲಿಲ್ಲ). ತಿಳಿ ಹಳದಿ. ಸರಿಯಾಗಿ ಹೋಗ್ತಿದೆ. ತೋಳು ಊದಿಲ್ಲ, ಮುಟ್ಟಿದರೆ ನೋವು ಅಷ್ಟೇ. ಬೆರಳೆಲ್ಲ ಸರಿ ಇದೆ.

ರಾತ್ರಿಪಾಳಿ | ಬುಧವಾರ, ರಾತ್ರಿ 10.12

ಒಳ್ಳೇದು. ನೀರು ಚೆನ್ನಾಗಿ ಕುಡೀರಿ, ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ. ಕಿಡ್ನಿಗೆ ಈಗ ಅದು ಬೇಡ. ನಾಳೆ ಒಬ್ಬ ಫಿಸಿಷಿಯನ್ನರ ಹತ್ರ ಹೋಗಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ಇನ್ನೊಮ್ಮೆ ನೋಡಿಸಿ, ಒಂದು ಇಸಿಜಿ ಮಾಡಿಸಿ. ಇಸಿಜಿ ಹೃದಯದ ಅನುಮಾನಕ್ಕಲ್ಲ. ನಿಮಗೆ ನಿದ್ದೆ ಬರಲಿ ಅಂತ.

ಲ್ಯಾಬ್‌ಕೋಟು | ಬುಧವಾರ, ರಾತ್ರಿ 11.20

ಈ ಪರೀಕ್ಷೆಯನ್ನು ದಿನಾ ಮಾಡೋಳು ನಾನು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಸಿಪಿಕೆ, ಸಿಕೆ ಎರಡೂ ಒಂದೇ. ಕ್ರಿಯಾಟಿನ್ ಕೈನೇಸ್. ಜಿಮ್ಮಿನವರು ನುಂಗೋ ಕ್ರಿಯಾಟಿನ್ ಪುಡಿ ಬೇರೆ, ಕಿಡ್ನಿಗೆ ನೋಡೋ ಕ್ರಿಯಾಟಿನಿನ್ ಬೇರೆ. ಹೆಸರು ಒಂದೇ ತರ ಇರೋದಕ್ಕೆ ವಾರಕ್ಕೆ ಒಬ್ಬರಾದರೂ ತಪ್ಪು ಪರೀಕ್ಷೆ ಬರೆಸಿಕೊಂಡು ಬರ್ತಾರೆ. ಸ್ನಾಯು ಕೆಲಸ ಮಾಡುವಾಗ ಶಕ್ತಿ ಬೇಕಲ್ಲ, ಅದು ಎಟಿಪಿ. ಅದು ಖಾಲಿ ಆಗ್ತಾ ಬಂದರೆ ಕ್ರಿಯಾಟಿನ್ ಫಾಸ್ಫೇಟ್ ಅನ್ನೋ ದಾಸ್ತಾನಿನಿಂದ ಫಾಸ್ಫೇಟ್ ಕಿತ್ತು ಎಟಿಪಿ ತುಂಬಿಸಿಕೊಡೋ ಕಿಣ್ವ ಇದು. ದಿಢೀರ್ ಅಂತ ಶಕ್ತಿ ಬೇಕಾಗೋ ಜಾಗದಲ್ಲೆಲ್ಲ ಇದು ಕೂತಿರುತ್ತೆ: ಮೈಯ ಸ್ನಾಯು, ಹೃದಯ, ಮಿದುಳು. ಇರಬೇಕಾದ್ದು ಜೀವಕೋಶದ ಒಳಗೆ. ರಕ್ತದಲ್ಲಿ ಸಿಕ್ಕಿತು ಅಂದರೆ ಎಲ್ಲೋ ಕೋಶದ ಗೋಡೆ ಸೋರಿದೆ ಅಂತ. ಎಲ್ಲಿ ಸೋರಿತು, ಯಾಕೆ ಸೋರಿತು ಅಂತ ಅಂಕಿ ಬಾಯಿ ಬಿಡಲ್ಲ.

ಎಲ್ಲಿ ಅನ್ನೋದನ್ನ ಹಿಡಿಯೋಕೆ ಒಂದು ಉಪಾಯ ಇದೆ. ಈ ಕಿಣ್ವ ಎರಡು ತುಂಡು ಜೋಡಿ ಕೂತು ಆಗೋದು. ತುಂಡಿನಲ್ಲಿ ಎರಡು ಜಾತಿ, ಎಂ ಮತ್ತು ಬಿ. ಹಾಗಾಗಿ ಮೂರು ಜೋಡಿ ಸಾಧ್ಯ: ಎಂಎಂ, ಎಂಬಿ, ಬಿಬಿ. ಮೈಯ ಸ್ನಾಯುವಿನಲ್ಲಿ ಹೆಚ್ಚುಕಮ್ಮಿ ಎಲ್ಲಾ ಎಂಎಂ, ಎಂಬಿ ಶೇ. 1-2 ಅಷ್ಟೇ. ಹೃದಯದಲ್ಲೂ ಎಂಎಂ ಜಾಸ್ತಿ, ಆದರೆ ಎಂಬಿ ಶೇ. 20ರ ಆಸುಪಾಸು. ಮಿದುಳಿನಲ್ಲಿ ಬಿಬಿ.

ಈಗ ಬೆವರಹನಿ ಅವರ ಲೆಕ್ಕ ನೋಡಿ. 6,840ರಲ್ಲಿ 96 ಅಂದರೆ ಶೇ. 1.4. ಸ್ನಾಯುವಿನಲ್ಲಿ ಇರಬೇಕಾದಷ್ಟೇ ಪಾಲು. ತೋಳಿನ ಸ್ನಾಯು ರಾಶಿ ಸೋರಿದಾಗ ಅದರ ಜೊತೆಗೆ ಅದರ ಪುಡಿಗಾಸು ಎಂಬಿಯೂ ಬಂದಿದೆ. "ಮಿತಿ 25, ಬಂದದ್ದು 96, ಹಾರ್ಟು" ಅನ್ನೋದು ಓದಿದ್ದಲ್ಲ, ಕೆಂಪಕ್ಷರ ನೋಡಿ ಹೇಳಿದ್ದು. ಸಾಮಾನ್ಯ ಕಿಟ್ಟುಗಳ ಪ್ರಕಾರ ಎಂಬಿ ಒಟ್ಟಿನ ಶೇ. 6ರಿಂದ 25ರ ಒಳಗೆ ಇದ್ದರೆ ಹೃದಯದ ಕಡೆ ಯೋಚನೆ ಮಾಡ್ಬೇಕು.

25 ದಾಟಿದರೆ? ಆಗ ಹೃದಯ ಇನ್ನೂ ಕೆಟ್ಟಿದೆ ಅಂತಲ್ಲ, ಪರೀಕ್ಷೆಯೇ ಮೋಸ ಹೋಗಿರಬಹುದು ಅಂತ. ಒಂದು ಸಲ ನನ್ನ ಯಂತ್ರ ಒಬ್ಬರಿಗೆ ಒಟ್ಟು ಸಿಕೆ 118, ಸಿಕೆ-ಎಂಬಿ 141 ಅಂತ ಕೊಟ್ಟಿತು. ಗಮನಿಸಿ: ಪಾಲು ಒಟ್ಟಿಗಿಂತ ದೊಡ್ಡದು! ಕೊಡದಲ್ಲಿದ್ದ ನೀರಿಗಿಂತ ಲೋಟಕ್ಕೆ ಸುರಿದ ನೀರು ಜಾಸ್ತಿ. ಮರುದಿನ ಹೊಸ ಸ್ಯಾಂಪಲ್ ತೆಗೆದರೂ ಅದೇ.

ಕಾರಣ ಪರೀಕ್ಷೆ ಮಾಡೋ ರೀತಿಯಲ್ಲಿದೆ. ಎಂ ತುಂಡನ್ನು ಕಟ್ಟಿಹಾಕೋ ಪ್ರತಿಕಾಯ ಹಾಕ್ತೀವಿ. ಎಂಎಂ ಪೂರ್ತಿ ಸುಮ್ಮನಾಗುತ್ತೆ, ಎಂಬಿ ಅರ್ಧ ಸುಮ್ಮನಾಗುತ್ತೆ. ಉಳಿದ ಚಟುವಟಿಕೆ ಎಂಬಿಯ ಬಿ ಅಂದುಕೊಂಡು ಎರಡರಿಂದ ಗುಣಿಸ್ತೀವಿ. ರಕ್ತದಲ್ಲಿ ಬಿಬಿ ಇರೋದೇ ಇಲ್ಲ ಅನ್ನೋ ನಂಬಿಕೆಯ ಮೇಲೆ ಈ ಗುಣಾಕಾರ ನಿಂತಿದೆ. ಆದರೆ ಕೆಲವರ ರಕ್ತದಲ್ಲಿ ಬಿಬಿಗೆ ಅವರದ್ದೇ ಪ್ರತಿಕಾಯವೊಂದು ಅಂಟಿಕೊಂಡು ದೊಡ್ಡ ಗಂಟಾಗಿ ದಿನಗಟ್ಟಲೆ ಸುತ್ತುತ್ತಾ ಇರುತ್ತೆ. ಮ್ಯಾಕ್ರೋ ಸಿಕೆ ಅಂತಾರೆ. ಅದನ್ನೂ ಎರಡರಿಂದ ಗುಣಿಸಿಬಿಡ್ತೀವಿ. ಈ ಒಂದನೇ ಬಗೆಯದ್ದು ಬಹಳಷ್ಟು ಜನರಲ್ಲಿ ಯಾವ ತೊಂದರೆಯನ್ನೂ ಕೊಡಲ್ಲ. (ಎರಡನೇ ಬಗೆ ಒಂದಿದೆ, ಮೈಟೋಕಾಂಡ್ರಿಯಾದ್ದು. ಅದು ಕಂಡರೆ ಗಂಭೀರ ಕಾಯಿಲೆ, ಕ್ಯಾನ್ಸರ್ ಸೇರಿ, ಹುಡುಕಬೇಕಾಗುತ್ತೆ.) ಆ ರೋಗಿಗೆ ಅಷ್ಟರಲ್ಲಿ ಬೇರೆಲ್ಲೋ ಆಂಜಿಯೋಗ್ರಾಮಿಗೆ ದಿನ ಗೊತ್ತು ಮಾಡಿದ್ದರು.

ಸಂಶಯಪಿಶಾಚಿ | ಗುರುವಾರ, ಬೆಳಗ್ಗೆ 6.15

ಇಷ್ಟೆಲ್ಲಾ ಎಡವಟ್ಟಿನ ಪರೀಕ್ಷೆಯನ್ನ ಆರೋಗ್ಯವಂತರ ಚೆಕಪ್ ಪಟ್ಟಿಯಲ್ಲಿ ಸೇರಿಸಿದ್ದು ಯಾರು ಸ್ವಾಮಿ? ಪಟ್ಟಿ ಉದ್ದ ಕಾಣಲಿ ಅಂತ ತಾನೆ?

ರಾತ್ರಿಪಾಳಿ | ಗುರುವಾರ, ಬೆಳಗ್ಗೆ 8.30

ಪಾಳಿ ಮುಗೀತು, ಮನೆಗೆ ಹೋಗೋ ಮುಂಚೆ ಬರೀತೀನಿ.

ಸಂಶಯಪಿಶಾಚಿ, ಈ ಸಲ ನಿಮ್ಮ ಜೊತೆ ನಾನಿದ್ದೀನಿ. ಲಕ್ಷಣವೇ ಇಲ್ಲದವರಿಗೆ ಸಿಕೆ-ಎಂಬಿ ಮಾಡೋದರಲ್ಲಿ ಅರ್ಥ ಇಲ್ಲ. ಆದರೆ ಅದನ್ನು ಹಾಸ್ಯ ಮಾಡೋ ಮುಂಚೆ ಅದು ಒಂದು ಕಾಲದಲ್ಲಿ ಎಷ್ಟು ದೊಡ್ಡ ಆಸರೆಯಾಗಿತ್ತು ಅಂತಲೂ ತಿಳ್ಕೊಳಿ. 1954ಕ್ಕಿಂತ ಮುಂಚೆ ಹೃದಯಾಘಾತ ಅಂದರೆ ರೋಗಿಯ ಮಾತು ಮತ್ತು ಇಸಿಜಿ, ಅಷ್ಟೇ. ಆ ವರ್ಷ ನ್ಯೂಯಾರ್ಕಿನಲ್ಲಿ ಲಾಡ್ಯೂ, ರೊಬ್ಲೆವ್ಸ್ಕಿ, ಕಾರ್ಮೆನ್ ಮೂವರು ಹೃದಯಾಘಾತ ಆದವರ ರಕ್ತದಲ್ಲಿ ಒಂದು ಕಿಣ್ವ ಏರೋದನ್ನ ತೋರಿಸಿದರು. ಯಾವುದು ಹೇಳಿ? ಎಸ್‌ಜಿಓಟಿ! ಇವತ್ತು ನಿಮ್ಮ ಪಕ್ಕದ ಸೀಟಿನವನು ಲಿವರ್ ಅನ್ನೋ ಅದೇ ಎಸ್‌ಜಿಓಟಿ ಹುಟ್ಟಿದ್ದು ಹೃದಯದ ಪರೀಕ್ಷೆಯಾಗಿ. ಅದು ಲಿವರಿನಲ್ಲೂ ಇದೆ, ಹೃದಯದಲ್ಲೂ ಇದೆ, ಮೈಯ ಸ್ನಾಯುವಿನಲ್ಲೂ ಇದೆ, ಕೆಂಪು ರಕ್ತಕಣದಲ್ಲೂ ಇದೆ. ಆಮೇಲೆ ಎಲ್‌ಡಿಎಚ್ ಅನ್ನೋ ಇನ್ನೊಂದು ಕಿಣ್ವ ಬಂತು. ಅದರಲ್ಲಿ ಐದು ಜೋಡಣೆ. ಸಹಜವಾಗಿ ಎರಡನೆಯದು ಒಂದನೆಯದಕ್ಕಿಂತ ಜಾಸ್ತಿ ಇರಬೇಕು, ಹೃದಯಾಘಾತದಲ್ಲಿ ಒಂದನೆಯದು ಮೇಲಾಗುತ್ತೆ. ನಮ್ಮ ಮೇಷ್ಟ್ರುಗಳು ಇದನ್ನು ಬಾಯಿಪಾಠ ಮಾಡಿಸಿದ್ದರು, ಈಗ ಯಾರೂ ಕೇಳಲ್ಲ.

ಸಿಕೆ-ಎಂಬಿ ಇವೆರಡಕ್ಕಿಂತ ಚುರುಕು. ಆಘಾತವಾಗಿ 4-6 ಗಂಟೆಗೆ ಏರೋಕೆ ಶುರು, 12-24 ಗಂಟೆಗೆ ತುದಿ, ಎರಡು ಮೂರು ದಿನಕ್ಕೆ ಮತ್ತೆ ನೆಲ. ಹಾಗಾಗಿ ಒಂದೇ ಒಂದು ಅಂಕಿಗೆ ಬೆಲೆಯೇ ಇರಲಿಲ್ಲ. ಗಂಟೆಗಟ್ಟಲೆ ಬಿಟ್ಟು ಬಿಟ್ಟು ರಕ್ತ ತೆಗೆದು, ಏರಿ ಇಳಿಯೋ ಗೆರೆ ನೋಡಬೇಕಿತ್ತು.

ಈಗ ಆ ಕುರ್ಚಿಯಲ್ಲಿ ಟ್ರೋಪೋನಿನ್ ಕೂತಿದೆ. 2000ದಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಹೃದಯಾಘಾತದ ವ್ಯಾಖ್ಯೆಯನ್ನೇ ಅದರ ಸುತ್ತ ತಿರುಗಿ ಬರೆದವು. ಅಂದಹಾಗೆ ಟ್ರೋಪೋನಿನ್ ಕಿಣ್ವ ಅಲ್ಲ. ಸ್ನಾಯು ಕುಗ್ಗೋದನ್ನ ನಿಯಂತ್ರಿಸೋ ಪ್ರೋಟೀನು. "ಕಾರ್ಡಿಯಾಕ್ ಎಂಜೈಮ್ಸ್ ಕಳಿಸಿ" ಅಂತ ಈಗಲೂ ನಾವು ಕೂಗೋದು ಹಳೇ ನಾಲಿಗೆ. ಹೃದಯದ ಟ್ರೋಪೋನಿನ್ ಐ ಮೈಯ ಸ್ನಾಯುವಿನಲ್ಲಿ ಇಲ್ಲ. ಹೊಸ ಅತಿಸೂಕ್ಷ್ಮ ಪರೀಕ್ಷೆಯಲ್ಲಿ ಬಂದ ತಕ್ಷಣ ಒಂದು, ಒಂದೆರಡು ಗಂಟೆಗೆ ಇನ್ನೊಂದು ತೆಗೆದರೆ ಬಹಳ ಜನರಲ್ಲಿ ಹೌದು-ಅಲ್ಲ ಇತ್ಯರ್ಥ ಆಗುತ್ತೆ. ನನ್ನ ಕೈಲಿದ್ದರೆ ಸಿಕೆ-ಎಂಬಿಗೆ ಶಾಲು ಹೊದಿಸಿ, ಹಾರ ಹಾಕಿ ನಿವೃತ್ತಿ ಕೊಟ್ಟುಬಿಡ್ತಿದ್ದೆ.

ಸಂಶಯಪಿಶಾಚಿ | ಗುರುವಾರ, ಬೆಳಗ್ಗೆ 8.41

ಟ್ರೋಪೋನಿನ್ ಏರಿದರೆ ಹೃದಯಾಘಾತವೇ ಅಂತ ಬರೆದು ಕೊಡ್ತೀರಾ?

ರಾತ್ರಿಪಾಳಿ | ಗುರುವಾರ, ಬೆಳಗ್ಗೆ 8.44

ಕೊಡಲ್ಲ. ಕಿಡ್ನಿ ಕಾಯಿಲೆ, ಹೃದಯ ಸ್ನಾಯುವಿನ ಉರಿಯೂತ, ಶ್ವಾಸಕೋಶಕ್ಕೆ ಹೋದ ರಕ್ತದ ಗಡ್ಡೆ, ಜೋರು ಸೋಂಕು ಎಲ್ಲದರಲ್ಲೂ ಏರುತ್ತೆ. ಹೃದಯಕ್ಕೆ ನೋವಾಗಿದೆ ಅಂತ ಹೇಳುತ್ತೆ, ಗುದ್ದಿದ್ದು ಯಾರು ಅಂತ ಹೇಳಲ್ಲ. ನಿದ್ದೆ ಬರ್ತಿದೆ.

ಎರಡುಜಡೆ | ಗುರುವಾರ, ಮಧ್ಯಾಹ್ನ 2.10

ಎಸ್‌ಜಿಓಟಿ ಮಾತು ಬಂದಿದ್ದಕ್ಕೆ ಬರೀತಿದ್ದೀನಿ. ಇಲ್ಲಿ ಬರಿಯೋದು ಇದೇ ಮೊದಲು.

ನನ್ನ ಮಗನಿಗೆ ಆಗ ನಾಲ್ಕು ವರ್ಷ. ಒಂದು ಜ್ವರಕ್ಕೆ ರಕ್ತ ನೋಡಿದಾಗ ಎಸ್‌ಜಿಓಟಿ 310, ಎಸ್‌ಜಿಪಿಟಿ 380. ಲಿವರ್ ಅಂದರು. ಕಾಮಾಲೆಯ ಪರೀಕ್ಷೆಗಳು, ತಾಮ್ರದ ಪರೀಕ್ಷೆ, ಸ್ಕ್ಯಾನು ಮೇಲೆ ಸ್ಕ್ಯಾನು, ಎಲ್ಲ ಸರಿ ಇದೆ. ಮತ್ತೆ ರಕ್ತ, ಮತ್ತೆ ಅದೇ ಅಂಕಿ. ಎಂಟು ತಿಂಗಳು ಹೀಗೇ ಹೋಯ್ತು. ಲಿವರಿನಿಂದ ಸೂಜಿಯಲ್ಲಿ ತುಂಡು ತೆಗೀಬೇಕು ಅಂತ ದಿನ ಕೊಟ್ಟಿದ್ದರು. ಯಾವ ಆಸ್ಪತ್ರೆ ಅಂತ ಹೇಳಲ್ಲ, ಹೇಳಿ ಆಗಬೇಕಾದ್ದೂ ಇಲ್ಲ.

ಹಿಂದಿನ ದಿನ ಅರಿವಳಿಕೆಗೆ ಮುಂಚೆ ನೋಡೋಕೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಮಗು ನೆಲದ ಮೇಲೆ ಕಾರು ಆಡ್ತಿದ್ದದ್ದನ್ನು ನೋಡ್ತಾ ನಿಂತರು. ಅವನು ಏಳುವಾಗ ಮೊದಲು ಕೈಯೂರಿ ಹಿಂಭಾಗ ಎತ್ತಿ, ಆಮೇಲೆ ಕೈಯನ್ನ ಮೊಣಕಾಲ ಮೇಲಿಟ್ಟು, ತೊಡೆ ಮೇಲೆ ಹತ್ತಿಸಿ, ತನ್ನ ಮೈಯನ್ನ ತಾನೇ ಹತ್ತಿದ ಹಾಗೆ ಎದ್ದ. ನಾವು ಅದನ್ನು ದಿನಾ ನೋಡ್ತಿದ್ದೆವು. ಸೋಮಾರಿ, ತಾತನ ಹಾಗೆ ಏಳ್ತಾನೆ ಅಂತ ನಗ್ತಿದ್ದೆವು. ಅವರು "ಇನ್ನೊಂದು ಸಲ ಕೂತು ಏಳು ಪುಟ್ಟ" ಅಂದರು. ಆಮೇಲೆ ಮೀನಖಂಡ ಮುಟ್ಟಿ ನೋಡಿದರು. ದಪ್ಪಗಿತ್ತು, ಗಟ್ಟಿಯಾಗಿತ್ತು. ನನ್ನನ್ನು ಕೇಳಿದರು, "ಸಿಪಿಕೆ ಮಾಡಿಸಿದ್ದೀರಾ?"

14,200.

ಬಯಾಪ್ಸಿ ನಿಂತಿತು. ಜೀನ್ ಪರೀಕ್ಷೆಯಲ್ಲಿ ಡುಷೆನ್ ಅನ್ನೋ ಸ್ನಾಯುಕ್ಷಯ ಅಂತ ಬಂತು. ಎಸ್‌ಜಿಓಟಿ, ಎಸ್‌ಜಿಪಿಟಿ ಎರಡೂ ಅವನ ಸ್ನಾಯುವಿನಿಂದಲೇ ಬರ್ತಿದ್ದವು. ಲಿವರಿಗೆ ಏನೂ ಆಗಿರಲಿಲ್ಲ. ಜಿಜಿಟಿ ಅಂತ ಒಂದು ಇದೆ, ಅದು ಲಿವರಿನದು, ಸ್ನಾಯುವಿನಲ್ಲಿ ಇಲ್ಲ. ಅವನದು ಮೊದಲ ದಿನದಿಂದ 14, 15 ಹೀಗೇ ಇತ್ತು, ಎಲ್ಲಾ ಹಾಳೆಯಲ್ಲೂ ಕಪ್ಪಕ್ಷರದಲ್ಲಿ. ಕೆಂಪಲ್ಲ ಅಂತ ಯಾರೂ ಅದನ್ನು ನೋಡಲಿಲ್ಲ.

ನರಮಂಡಲ | ಗುರುವಾರ, ಸಂಜೆ 7.35

ಎರಡುಜಡೆ ಅವರೇ, ಬರೆದದ್ದಕ್ಕೆ ನಮಸ್ಕಾರ. ನಾನು ನರರೋಗ ವಿಭಾಗದಲ್ಲಿ ಇನ್ನೂ ಕಲೀತಿರೋನು. ನಿಮ್ಮ ಕೊನೇ ಎರಡು ವಾಕ್ಯವನ್ನು ನಮ್ಮ ವಾರ್ಡಿನ ಗೋಡೆಗೆ ಅಂಟಿಸಬೇಕು ಅನ್ನಿಸ್ತು.

ನಿಮಗಾದದ್ದು ಅಪರೂಪ ಅಲ್ಲ ಅನ್ನೋದೇ ಬೇಸರ. ಕಾರಣ ಸಿಗದೆ ಟ್ರಾನ್ಸ್ಅಮಿನೇಸ್ (ಅದೇ ಎಸ್‌ಜಿಓಟಿ, ಎಸ್‌ಜಿಪಿಟಿ) ಏರಿರೋ ಗಂಡು ಮಗುವಿಗೆ ಸೂಜಿಗಿಂತ ಮುಂಚೆ ಸಿಕೆ ಮಾಡಬೇಕು ಅನ್ನೋದು ಪುಸ್ತಕದಲ್ಲಿದೆ, ಕೈಗೆ ಬರೋದು ತಡ. ಬಯಾಪ್ಸಿ ನಿಂತಿದ್ದು ಇನ್ನೊಂದು ಕಾರಣಕ್ಕೂ ಒಳ್ಳೇದಾಯ್ತು. ಡುಷೆನ್ ಇರೋ ಮಗುವಿಗೆ ಸಕ್ಸಿನೈಲ್‌ಕೋಲಿನ್ ಅನ್ನೋ ಅರಿವಳಿಕೆಯ ಔಷಧ ಕೊಟ್ಟರೆ ಪೊಟ್ಯಾಸಿಯಂ ದಿಢೀರ್ ಏರಿ ಹೃದಯ ನಿಲ್ಲಬಹುದು. ಉಸಿರಿನಲ್ಲಿ ಕೊಡೋ ಅರಿವಳಿಕೆ ಅನಿಲಗಳಲ್ಲೂ ಅಪಾಯ ಇದೆ. ಆ ಡಾಕ್ಟರಮ್ಮ ನೆಲದ ಕಡೆ ನೋಡಿದ್ದು ಆ ಇಡೀ ಆಸ್ಪತ್ರೆಯ ಪುಣ್ಯ.

ಈ ಕಾಯಿಲೆಯಲ್ಲಿ ಸಿಕೆ ಹುಟ್ಟಿದಾಗಿನಿಂದಲೇ ಏರಿರುತ್ತೆ, ನಡಿಗೆ ತಪ್ಪೋಕೆ ಎಷ್ಟೋ ಮುಂಚೆ. ಮಿತಿಗಿಂತ 50, 100 ಪಟ್ಟು ಇರೋದೂ ಉಂಟು. ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಇಲ್ಲದೆ ಸ್ನಾಯುಕೋಶದ ಪೊರೆ ಪ್ರತಿ ಕುಗ್ಗುವಿಕೆಗೂ ಹರೀತಾ ಹೋಗುತ್ತೆ. ವರ್ಷಗಳು ಕಳೆದ ಹಾಗೆ ಅಂಕಿ ಇಳಿಯುತ್ತೆ. ಇಳೀತು ಅಂತ ಖುಷಿಪಡೋ ಹಾಗಿಲ್ಲ, ಸೋರೋಕೆ ಸ್ನಾಯುವೇ ಉಳಿದಿಲ್ಲ ಅಂತ ಅರ್ಥ.

ಒಂದು ವಿಷಯ ಹೇಳಲೇಬೇಕು. ಸ್ನಾಯುಕ್ಷಯದಲ್ಲಿ ಸಿಕೆ ಏರುತ್ತೆ ಅಂತ 1959ರಲ್ಲಿ ತೋರಿಸಿದ್ದು ಜಪಾನಿನ ಸೆತ್ಸುರೋ ಎಬಾಶಿ ಮತ್ತು ಸಂಗಡಿಗರು. ಅದೇ ಎಬಾಶಿ 1960ರ ದಶಕದಲ್ಲಿ ಟ್ರೋಪೋನಿನ್ ಕಂಡುಹಿಡಿದರು. ನಿನ್ನೆಯಿಂದ ಈ ಚರ್ಚೆಯಲ್ಲಿ ಬಂದ ಎರಡು ದೊಡ್ಡ ಹೆಸರಿನ ಹಿಂದೆಯೂ ಒಬ್ಬರೇ ಮನುಷ್ಯ. ಅವರಿಗೆ ಬೇಕಿದ್ದದ್ದು ಸ್ನಾಯು ಹೇಗೆ ಕುಗ್ಗುತ್ತೆ ಅನ್ನೋದು ಮಾತ್ರ.

ಉಲ್ಟಾ ಮಾತೂ ಹೇಳಿಬಿಡ್ತೀನಿ: ಸಿಕೆ ಸಹಜ ಅಂದ ಮಾತ್ರಕ್ಕೆ ಸ್ನಾಯು ಸಹಜ ಅಲ್ಲ. ಸ್ಟೀರಾಯ್ಡಿನಿಂದ ಸೊರಗಿದ ತೊಡೆಯಲ್ಲಿ ಸಿಕೆ ಏರಲ್ಲ. ಮಯಸ್ತೇನಿಯಾದಲ್ಲಿ ಏರಲ್ಲ, ಯಾಕಂದ್ರೆ ಅಲ್ಲಿ ಕೆಟ್ಟಿರೋದು ನರ ಸ್ನಾಯು ಸೇರೋ ಜಾಗ. ಡರ್ಮಟೋಮಯೋಸೈಟಿಸ್ (ಚರ್ಮ, ಸ್ನಾಯು ಎರಡರ ಉರಿಯೂತ) ಇರೋ ಕೆಲವರಲ್ಲಿ ಸಿಕೆ ಸರಿ ಇದ್ದು ಆಲ್ಡೊಲೇಸ್ ಅನ್ನೋ ಇನ್ನೊಂದು ಕಿಣ್ವ ಮಾತ್ರ ಏರಿರುತ್ತೆ.

ಎರಡುಜಡೆ | ಗುರುವಾರ, ರಾತ್ರಿ 9.02

ನನ್ನ ಸಿಪಿಕೆ ಕೂಡ ನೋಡಿದರು, 410. ಮಗಳಿಗೆ ಈಗ ಒಂಬತ್ತು. ಅವಳದ್ದೂ ನೋಡಿಸಲಾ?

ನರಮಂಡಲ | ಗುರುವಾರ, ರಾತ್ರಿ 9.30

ಸಿಕೆ ಒಂದರಿಂದ ಇತ್ಯರ್ಥ ಆಗಲ್ಲ. ಕಾಯಿಲೆಯ ಜೀನ್ ಹೊತ್ತಿರೋ (ವಾಹಕ ಅಂತೀವಿ) ಎಷ್ಟೋ ಹೆಣ್ಣುಮಕ್ಕಳಲ್ಲಿ ಅದು ಸಹಜವಾಗೇ ಇರುತ್ತೆ. ದಿನವಿಡೀ ಕುಣಿದಾಡೋ ಒಂಬತ್ತರ ಹುಡುಗಿಯಲ್ಲಿ ಸುಮ್ಮನೆ ಏರಿರಲೂಬಹುದು. ಮಗನ ಜೀನಿನಲ್ಲಿ ಯಾವ ಬದಲಾವಣೆ ಅಂತ ಗೊತ್ತಿದೆಯಲ್ಲ, ಅದೇ ಅವಳಲ್ಲಿದೆಯಾ ಅಂತ ನೇರವಾಗಿ ನೋಡಬಹುದು. ಯಾವ ವಯಸ್ಸಿಗೆ, ಅವಳನ್ನು ಕೇಳಿಯಾ ಕೇಳದೆಯಾ ಅನ್ನೋದನ್ನ ಜೆನೆಟಿಕ್ ಕೌನ್ಸೆಲರ್ ಎದುರು ಕೂತು ಮಾತಾಡಿ. ಮತ್ತೆ, ನಿಮ್ಮ ಹೃದಯದ ಎಕೋ ಮಾಡಿಸಿದ್ದೀರಾ? ವಾಹಕ ತಾಯಂದಿರಲ್ಲಿ ಹೃದಯದ ಸ್ನಾಯು ಸೊರಗಬಹುದು. ಮಗನ ಓಡಾಟದಲ್ಲಿ ಅಮ್ಮನದು ಮರೆತೇ ಹೋಗುತ್ತೆ.

ಎರಡುಜಡೆ | ಗುರುವಾರ, ರಾತ್ರಿ 9.33

ಇಲ್ಲ. ಯಾರೂ ಹೇಳಿರಲಿಲ್ಲ. ಮಾಡಿಸ್ತೀನಿ.

ಸಂಶಯಪಿಶಾಚಿ | ಶುಕ್ರವಾರ, ಬೆಳಗ್ಗೆ 7.00

ಮೂರರಲ್ಲಿ ಎರಡಾಯ್ತು. ಮಿದುಳಿನ ಬಿಬಿ ಎಲ್ಲಿ ಹೋಯ್ತು? ಲಕ್ವಾ ಹೊಡೆದವರಿಗೆ ಸ್ಕ್ಯಾನ್ ಯಾಕೆ, ಬಿಬಿ ನೋಡಿದರೆ ಸಾಲದಾ?

ನರಮಂಡಲ | ಶುಕ್ರವಾರ, ಮಧ್ಯಾಹ್ನ 1.15

ಕೇಳೋಕೆ ಸರಳ, ಆಗೋಕೆ ಕಷ್ಟ. ಮಿದುಳಿಗೂ ರಕ್ತಕ್ಕೂ ನಡುವೆ ಬಿಗಿ ಕಾವಲು ಇದೆ. ಬಿಬಿ ಅದನ್ನು ದಾಟಿ ಬರೋದೇ ಕಮ್ಮಿ, ಬಂದರೂ ಕೆಲವೇ ಗಂಟೆಯಲ್ಲಿ ಕರಗಿಹೋಗುತ್ತೆ. ಸಾಲದ್ದಕ್ಕೆ ಬಿಬಿ ಕರುಳಿನಲ್ಲಿ, ಗರ್ಭಕೋಶದಲ್ಲಿ, ಪ್ರಾಸ್ಟೇಟಿನಲ್ಲೂ ಇದೆ. ಲಕ್ವಾದಲ್ಲಿ ಒಟ್ಟು ಸಿಕೆ ಏರಿದ್ದರೆ ಅದು ಬಹುತೇಕ ಎಂಎಂ: ಬಿದ್ದ ಪೆಟ್ಟು, ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ನೆಲದ ಮೇಲೆ ಬಿದ್ದಿದ್ದದ್ದು, ತೊಡೆಗೆ ಚುಚ್ಚಿದ ಸೂಜಿ. ಮಿದುಳಿನ ಕಾಯಿಲೆಯಲ್ಲೂ ಸಿಕೆ ಹೇಳೋದು ಸ್ನಾಯುವಿನ ಕಥೆಯನ್ನೇ.

ಮಿದುಳಿಗೆ ಬೇರೆ ಕಿಣ್ವಗಳಿವೆ. ಹೃದಯ ನಿಂತು ಮತ್ತೆ ಬಡಿದು, ಪ್ರಜ್ಞೆ ಬಾರದೆ ಮಲಗಿದವರಲ್ಲಿ ನ್ಯೂರಾನ್ ಸ್ಪೆಸಿಫಿಕ್ ಇನೊಲೇಸ್, ಎನ್‌ಎಸ್‌ಇ ಅಂತೀವಿ, ನೋಡ್ತಾರೆ. ಯುರೋಪಿನ 2021ರ ಮಾರ್ಗಸೂಚಿಯಲ್ಲಿ 48 ಅಥವಾ 72 ಗಂಟೆಗೆ ಲೀಟರಿಗೆ 60 ಮೈಕ್ರೋಗ್ರಾಂ ದಾಟಿದರೆ ಕೆಟ್ಟ ಸೂಚನೆಗಳಲ್ಲಿ ಒಂದು ಅಂತ ಎಣಿಸ್ತಾರೆ. ಒಂದು ಮಾತ್ರ. ಅದೊಂದನ್ನೇ ನೆಚ್ಚಿ ಯಾರೂ ಯಂತ್ರ ಆಫ್ ಮಾಡಲ್ಲ. ತಲೆಗೆ ಸಣ್ಣ ಪೆಟ್ಟು ಬಿದ್ದವರಿಗೆ ಸಿಟಿ ಸ್ಕ್ಯಾನ್ ಬೇಕಾ ಬೇಡವಾ ಅಂತ ತೀರ್ಮಾನಿಸೋಕೆ ನೆರವಾಗೋ ರಕ್ತಪರೀಕ್ಷೆಗೆ ಅಮೆರಿಕದ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಅಳೆಯೋ ಎರಡು ಪ್ರೋಟೀನಿನಲ್ಲಿ ಒಂದು, ಯುಸಿಎಚ್-ಎಲ್1, ನಿಜಕ್ಕೂ ಕಿಣ್ವ.

ಲ್ಯಾಬ್‌ಕೋಟು | ಶುಕ್ರವಾರ, ಮಧ್ಯಾಹ್ನ 1.50

ಎನ್‌ಎಸ್‌ಇ ಕಳಿಸೋರಿಗೆ ಒಂದು ಬಿನ್ನಹ. ಆ ಕಿಣ್ವ ಕೆಂಪು ರಕ್ತಕಣದ ಒಳಗೂ ಇದೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು, ಟ್ಯೂಬನ್ನು ಗಿಲಕಿ ತರ ಅಲ್ಲಾಡಿಸಿ ಕಳಿಸಿದರೆ ಕಣ ಒಡೆದು ಸೀರಮ್ಮು ಗುಲಾಬಿ ಆಗುತ್ತೆ. ಯಂತ್ರ 80 ಅಂತ ತೋರಿಸುತ್ತೆ. ಮನೆಯವರಿಗೆ ಆಸೆ ಬಿಡಿ ಅಂತ ಹೇಳೋಕೆ ಆ 80ನ್ನೂ ಲೆಕ್ಕಕ್ಕೆ ಹಿಡಿದುಬಿಡ್ತಾರೆ. ಗುಲಾಬಿ ಕಂಡರೆ ನಾನು ಅಂಕಿ ಕೊಡಲ್ಲ. ಬೈದರೂ ಕೊಡಲ್ಲ.

ಸಿಕೆಗೆ ಈ ಕಾಟ ಕಮ್ಮಿ, ಕೆಂಪುಕಣದಲ್ಲಿ ಸಿಕೆ ಇಲ್ಲ. ಆದರೆ ಅಡಿನೈಲೇಟ್ ಕೈನೇಸ್ ಅಂತ ಅದರ ದೂರದ ನೆಂಟ ಇದ್ದಾನೆ, ಅವನೂ ಎಟಿಪಿ ಮಾಡ್ತಾನೆ. ನಾವು ಸಿಕೆ ಅಳೆಯೋದೇ ಹುಟ್ಟಿದ ಎಟಿಪಿಯ ಮೇಲೆ: ಆ ಎಟಿಪಿಯಿಂದ ಇನ್ನೆರಡು ಕಿಣ್ವದ ಕೆಲಸ ನಡೆಸಿ, ಕೊನೆಗೆ 340 ನ್ಯಾನೋಮೀಟರ್ ಬೆಳಕಿನಲ್ಲಿ ನಿಮಿಷಕ್ಕೆ ಎಷ್ಟು ಏರಿತು ಅಂತ ನೋಡೋದು. ನೆಂಟನ ಬಾಯಿ ಮುಚ್ಚಿಸೋ ಮದ್ದು ರೀಏಜೆಂಟಿನಲ್ಲೇ ಇರುತ್ತೆ. ಕಣ ತೀರಾ ಒಡೆದಿದ್ದರೆ ಅದೂ ಸಾಲಲ್ಲ.

ಹಿಂದಿನಬೆಂಚು | ಶುಕ್ರವಾರ, ರಾತ್ರಿ 8.20

ನನಗೆ ಮೂರ್ಛೆರೋಗ. ಮೊದಲ ಸಲ ಬಿದ್ದಾಗ ಅರ್ಧ ಗಂಟೆಯಲ್ಲಿ ಆಸ್ಪತ್ರೆ ಸೇರಿಸಿದರು, ಸಿಪಿಕೆ ನೋಡಿದರು, 130. "ನಿಜವಾದ ಫಿಟ್ಸ್ ಆಗಿದ್ರೆ ಏರಿರಬೇಕಿತ್ತು, ಟೆನ್ಷನ್ ಇರಬೇಕು" ಅಂತ ನನ್ನ ಅಣ್ಣನ ಹತ್ರ ಅಂದರಂತೆ. ನಾಲಿಗೆ ಕಚ್ಚಿ ಮಾತಾಡೋಕೂ ಆಗದೆ ಮಲಗಿದ್ದೆ. ಮರುದಿನ ಸಂಜೆ ಬೇರೆ ಯಾರೋ ಮತ್ತೆ ನೋಡಿದಾಗ 2,300. ಅಷ್ಟು ಹೊತ್ತು ನಾನು ನಾಟಕದವನು.

ನರಮಂಡಲ | ಶುಕ್ರವಾರ, ರಾತ್ರಿ 8.55

ಕ್ಷಮಿಸಿ. ಅದು ಕಿಣ್ವದ ತಪ್ಪಲ್ಲ, ಗಡಿಯಾರ ನೋಡದವರ ತಪ್ಪು. ಮೈಯೆಲ್ಲ ಸೆಟೆದು ಅದುರೋ ಸೆಳೆತದ ನಂತರ ಸಿಕೆ ಏರೋಕೆ ಗಂಟೆಗಳು ಬೇಕು, ತುದಿ ಮುಟ್ಟೋದು ಒಂದೆರಡು ದಿನಕ್ಕೆ. ಅರ್ಧ ಗಂಟೆಗೆ ತೆಗೆದ ರಕ್ತದಲ್ಲಿ ಸಿಗೋದು ಸೆಳೆತಕ್ಕೆ ಮುಂಚಿನ ನೀವು. ಏರದೇ ಇದ್ದರೂ ಫಿಟ್ಸ್ ಅಲ್ಲ ಅಂತ ಹೇಳೋ ಹಾಗಿಲ್ಲ.

ಮಾತ್ರೆಡಬ್ಬಿ | ಶನಿವಾರ, ಬೆಳಗ್ಗೆ 10.10

ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ಶುರು ಮಾಡಿ ಮೂರು ತಿಂಗಳು. ಮೆಟ್ಟಿಲು ಹತ್ತಿದರೆ ತೊಡೆ ಭಾರ. ಸಿಪಿಕೆ 620 (ಮಿತಿ 192). ಈ ಚರ್ಚೆ ಓದಿ ಹೆದರಿ ಇವತ್ತು ಮಾತ್ರೆ ನುಂಗಿಲ್ಲ. ಸರಿ ತಾನೆ?

ರಾತ್ರಿಪಾಳಿ | ಶನಿವಾರ, ಬೆಳಗ್ಗೆ 11.25

ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಫೋನ್ ಮಾಡಿ. ಮಿತಿಯ 10 ಪಟ್ಟು ದಾಟಿದರೆ ತಕ್ಷಣ ನಿಲ್ಲಿಸಿ ಕಿಡ್ನಿ ನೋಡ್ತೀವಿ. 4 ಪಟ್ಟಿನ ಒಳಗಿದ್ದು ನೋವು ಇದ್ದರೆ ಕೆಲವು ವಾರ ಬಿಟ್ಟು ನೋಡೋದು, ಬೇರೆ ಸ್ಟ್ಯಾಟಿನ್ ಅಥವಾ ಕಮ್ಮಿ ಡೋಸ್, ಹೀಗೆ ದಾರಿಗಳಿವೆ. ನಿಮ್ಮದು 3 ಪಟ್ಟಿನ ಹತ್ರ. ನಿಲ್ಲಿಸಿದ ಮೇಲೂ ಸಿಕೆ ಏರ್ತಾನೇ ಹೋಗಿ ಶಕ್ತಿ ಕುಂದಿದರೆ ಅದು ಬೇರೆ ಕಾಯಿಲೆ, ಪ್ರತಿಕಾಯದ್ದು, ಅಪರೂಪ.

ಅದಿರಲಿ, ಟಿಎಸ್‌ಎಚ್ ಮಾಡಿಸಿದ್ದೀರಾ? ಥೈರಾಯ್ಡ್ ಕುಗ್ಗಿದರೆ ಕೊಲೆಸ್ಟ್ರಾಲೂ ಏರುತ್ತೆ, ಸಿಕೆನೂ ಏರುತ್ತೆ, ತೊಡೆನೂ ಭಾರ ಆಗುತ್ತೆ.

ಮಾತ್ರೆಡಬ್ಬಿ | ಸೋಮವಾರ, ಸಂಜೆ 6.40

ಟಿಎಸ್‌ಎಚ್ 38. ಡಾಕ್ಟ್ರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

ರಾತ್ರಿಪಾಳಿ | ಸೋಮವಾರ, ರಾತ್ರಿ 8.00

ಹಾಗಾದರೆ ಬಹುಶಃ ಮೂರಕ್ಕೂ ಬೇರು ಒಂದೇ. ಥೈರಾಯ್ಡ್ ಸರಿ ಹೋಗಲಿ, ಸ್ಟ್ಯಾಟಿನ್ ಲೆಕ್ಕ ಆಮೇಲೆ ಹಾಕೋಣ.

ಹಳೇಓಟಗಾರ | ಸೋಮವಾರ, ರಾತ್ರಿ 9.15

ನನಗೆ ಯಾವ ಕಾಯಿಲೆಯೂ ಇಲ್ಲ, ಆದರೂ ನನ್ನ ಸಿಕೆ ಇಪ್ಪತ್ತು ವರ್ಷದಿಂದ 350-400ರಲ್ಲೇ ಇದೆ. ವಾರಕ್ಕೆ ಐದು ದಿನ ಓಡ್ತೀನಿ. ಮ್ಯಾರಥಾನ್ ಓಡಿದ ಮರುದಿನ ಸಾವಿರಗಟ್ಟಲೆ ಬಂದದ್ದಿದೆ, ಎಂಬಿ ಸಮೇತ. ಬೆವರಹನಿ, ನಿಮ್ಮನ್ನು ಕೆಡಿಸಿದ್ದು ಮೇಲೇರಿದ್ದಲ್ಲ, ನಿಧಾನಕ್ಕೆ ಇಳಿದದ್ದು. ಭಾರ ಹೊತ್ತ ಸ್ನಾಯು ಉದ್ದ ಆಗ್ತಾ ಎಳೀಬೇಕಲ್ಲ, ಆಗಲೇ ಅದು ಹೆಚ್ಚು ಹರಿಯೋದು. ಬೆಟ್ಟ ಹತ್ತಿದ ದಿನ ಉಸಿರು ಹೋಗುತ್ತೆ, ಇಳಿದ ಮರುದಿನ ತೊಡೆ ಹೋಗುತ್ತೆ.

ಮತ್ತೆ ಪರೀಕ್ಷೆಗೆ ಹೋಗೋ ಮುಂಚೆ ವಾರ ಪೂರ್ತಿ ಸುಮ್ಮನೆ ಕೂರಿ. ಸ್ನಾಯುವಿಗೆ ಇಂಜೆಕ್ಷನ್ ಕೂಡ ಬೇಡ.

ಬೆವರಹನಿ | ಎರಡನೇ ವಾರದ ಶನಿವಾರ, ಮಧ್ಯಾಹ್ನ 12.30

ಫಿಸಿಷಿಯನ್ ಇಸಿಜಿ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿ ನೀರು ಕುಡಿದು ಮಲಗು ಅಂದಿದ್ದರು. ಮೊದಲ ವಾರದ ಆ ಗುರುವಾರ ಸಿಪಿಕೆ 7,900ಕ್ಕೆ ಏರಿತ್ತು, ಹೆದರಿದ್ದೆ, ಅದೇ ತುದಿ ಅಂದರು. ಇವತ್ತಿನದು 264. ಎಸ್‌ಜಿಓಟಿ 34. ಎಂಬಿ ಈ ಸಲ ಬರೀಲೇ ಇಲ್ಲ, ಯಾಕೆ ಅಂತ ಕೇಳಿದ್ದಕ್ಕೆ "ಯಾಕೆ ಬೇಕು?" ಅಂದರು. ಜಿಜಿಟಿ ಹಳೇ ಹಾಳೆಯಲ್ಲೇ ಇತ್ತು, ಕೊನೇ ಪುಟದಲ್ಲಿ, 19, ಕಪ್ಪಕ್ಷರದಲ್ಲಿ. ನಾನೂ ನೋಡಿರಲಿಲ್ಲ.

ಕೈ ಬಾಯಿಗೆ ಬರ್ತಿದೆ. ರಕ್ತ ತೆಗೆದವರು ಫಾರಂ ಕೊಟ್ಟಾಗ "ಇತರ ವಿವರ" ಅನ್ನೋ ಒಂದು ಗೆರೆ ಇತ್ತು. ಕಂಬಿ, ಶನಿವಾರ, ಗೆಳೆಯ ಅಂತೆಲ್ಲ ಬರೆದೆ. ಗೆರೆ ಸಾಲದೆ ಹಿಂದೆ ತಿರುಗಿಸಿ ಬರೆದೆ.

ಲ್ಯಾಬ್‌ಕೋಟು | ಶನಿವಾರ, ಮಧ್ಯಾಹ್ನ 12.52

ಆ ಗೆರೆ ತುಂಬಿ ಬಂದ ಫಾರಂ ನಾನು ಈ ವರ್ಷ ಎರಡು ನೋಡಿದ್ದೀನಿ. ಒಂದರಲ್ಲಿ "ಏನೂ ಇಲ್ಲ" ಅಂತ ಇತ್ತು.